ಮೂರು ಕಡೆ ಇಟ್ಟ ಬಾಣ

ಅವಳಿಗಿಂತ ನಾನು ಹನ್ನೊಂದು ವರ್ಷ ದೊಡ್ಡವನು. ಆದರೂ ಅವಳನ್ನು ಅಕ್ಕ ಅಂತಲೇ ಕರೆದೆ. ನಮ್ಮ ವರ್ಕ್‌ಶಾಪಿಗೆ ಬರುವ ಎಂಬತ್ತು ದಾಟಿದ ಮುದುಕರೂ ಅವಳನ್ನು ಅಳತೆಯಕ್ಕ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತೇ ವಿನಾ ಯಾರ ಬಾಯಿಗೂ ಬರಲಿಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಮನೆಗೆ ಅಂಟಿಕೊಂಡ ಉದ್ದನೆಯ ಕೋಣೆ ನಮ್ಮದು. ಗೋಡೆಯಾಚೆ ಸೋಪಿನ ಹಬೆ, ಈಚೆ ತೊಗಲು ಮತ್ತು ಅಂಟಿನ ವಾಸನೆ. ನಾವು ಮಾಡುವುದು ಬೂಟು, ಆದರೆ ಅಂಗಡಿಯ ಬೂಟಲ್ಲ. ಸಕ್ಕರೆ ಕಾಯಿಲೆಯಿಂದಲೋ ನರ ಸತ್ತೋ ಪಾದದಲ್ಲಿ ಸ್ಪರ್ಶವೇ ಇಲ್ಲದವರಿಗೆ ಮಾಡುವ ಬೂಟು. ನಿಮಗೆ ನನಗೆ ಹೊಸ ಚಪ್ಪಲಿ ಕಚ್ಚಿದರೆ ಆ ಕ್ಷಣವೇ ತಿಳಿಯುತ್ತದೆ. ಮಾಡಿದವನನ್ನು ಬೈದು, ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಇವರಿಗೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಸಂಜೆ ಕಾಲುಚೀಲ ಬಿಚ್ಚಿದಾಗ ಅದು ಒದ್ದೆಯಾಗಿದ್ದರೆ, ಆ ಒದ್ದೆ ನೀರಿನದ್ದಲ್ಲ ಅಂತ ಕಂಡರೆ, ಆಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಗಾಯ ಒಳಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಬೆರಳು, ಬೆರಳಿನಿಂದ ಮುಂದೆ ಪಾದ.

ನನ್ನ ಕೆಲಸ ಅಚ್ಚು ಕಟ್ಟುವುದು. ಯಾರ ಕೈಕೆಳಗೂ ಕಲಿತವನಲ್ಲ, ಮರ ಮತ್ತು ತೊಗಲು ಎರಡೂ ನನಗೆ ಕಲಿಸಿದವು. ನಮ್ಮಲ್ಲಿ ಪಾದದ ಆಕಾರದ ಮರದ ಅಚ್ಚುಗಳು ಇರುವುದು ನಲವತ್ತು ಜೊತೆ. ಬೂಟು ಹಾಕುವವರು ಮುನ್ನೂರ ಹನ್ನೆರಡು ಜನ. ಆದ್ದರಿಂದ ಒಬ್ಬರ ಅಳತೆಗೆ ತಕ್ಕಂತೆ ಅಚ್ಚಿನ ಮೇಲೆ ತೊಗಲಿನ ತುಂಡು ಅಂಟಿಸಿ, ಬೇಕಾದ ಕಡೆ ಉಬ್ಬಿಸಿ, ಅದರ ಮೇಲೆ ಬೂಟು ಕಟ್ಟುತ್ತೇವೆ. ಆಮೇಲೆ ತುಂಡುಗಳನ್ನು ಕಿತ್ತು ಅದೇ ಅಚ್ಚನ್ನು ಇನ್ನೊಬ್ಬರಿಗೆ ಹೊಂದಿಸುತ್ತೇವೆ. ಕಿತ್ತ ಮೇಲೆ ಅಚ್ಚಿಗೆ ಯಾರ ನೆನಪೂ ಇರುವುದಿಲ್ಲ. ನೆನಪೆಲ್ಲ ಇದ್ದದ್ದು ಅಳತೆಯಲ್ಲಿ. ಅಳತೆ ಇದ್ದದ್ದು ಅವಳ ಹತ್ತಿರ.

ಅವಳು ಬಂದದ್ದು ಕಸ ಗುಡಿಸಲು. ಆಗ ಅಳತೆ ತೆಗೆಯುತ್ತಿದ್ದ ಪುಣ್ಯಾತ್ಮ ಸಿಗರೇಟಿನ ಪ್ಯಾಕಿನ ಮೇಲೆ, ಕಿಟಕಿಯ ಚೌಕಟ್ಟಿನ ಮೇಲೆ, ಒಮ್ಮೆ ತನ್ನ ಅಂಗಿಯ ತೋಳಿನ ಮೇಲೆ ಕೂಡ ಅಳತೆ ಬರೆದಿಟ್ಟವನು. ಅಂಗಿ ಒಗೆಯಲು ಹೋಯಿತು, ಆ ರೋಗಿಯ ಅಳತೆಯೂ ಹೋಯಿತು. ಕಸದಲ್ಲಿ ಸಿಕ್ಕ ಅಂಕೆಗಳನ್ನು ಅವಳು ಎಸೆಯದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು. ಏಳನೇ ಕ್ಲಾಸು ಓದಿದ ಹುಡುಗಿ, ಅಕ್ಷರ ದುಂಡಗೆ. ಆ ಮನುಷ್ಯ ಕೆಲಸ ಬಿಟ್ಟ ದಿನ ಇಡೀ ವರ್ಕ್‌ಶಾಪಿನಲ್ಲಿ ಅಳತೆ ಅಂತ ಇದ್ದದ್ದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಪೊರಕೆ ಕೈಯಿಂದ ಇಳಿಯಿತು, ಟೇಪು ಕೈಗೆ ಬಂತು.

ಗಿಡ್ಡ ಸ್ಟೂಲಿನ ಮೇಲೆ ರೋಗಿಯ ಎದುರಿಗೇ ಕೂತು, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ ಇಟ್ಟುಕೊಂಡು, "ಎಲ್ಲಿ, ಕಾಲು ಕೊಡಿ" ಎನ್ನುತ್ತಿದ್ದಳು. ಕೊಡಲು ನಾಚುವವರಿಗೆ, "ದಿನಾ ಹತ್ತು ಜನರ ಕಾಲು ಹಿಡಿದು ಬದುಕೋಳು ನಾನು. ನಿಮ್ಮದೊಂದು ಭಾರಾನಾ?" ಎಂದು ನಗಿಸುತ್ತಿದ್ದಳು. ಉದ್ದ, ನಾಲ್ಕು ಕಡೆಯ ಸುತ್ತಳತೆ, ಎಲ್ಲೆಲ್ಲಿ ಎಷ್ಟು ಸಡಿಲ ಬಿಡಬೇಕು, ಇಷ್ಟು ಬರೆದ ಮೇಲೆ ಇನ್ನೆರಡು ಅಂಕಣ. ಒಂದು 'ಗಾಯ', ಅದರ ಪಕ್ಕ 'ಕಾರಣ'. ಯಾವ ತಾರೀಕಿಗೆ ಎಲ್ಲಿ ಗಾಯವಾಯಿತು, ಯಾಕೆ ಆಯಿತು. ಹೊಲಿಗೆ ಒತ್ತಿದ್ದು. ಒಳಗೆ ಜಲ್ಲಿಕಲ್ಲು. ಮಗಳ ಮದುವೆಗೆ ಅಂದದ ಚಪ್ಪಲಿ ಹಾಕಿದ್ದು. ಹೀಗೆ ಹತ್ತಾರು ವರ್ಷದ್ದು. ಒಂದೊಂದು ಅಂಕೆಯ ಹಿಂದೆಯೂ ಯಾರದೋ ಚರ್ಮ ಸುಲಿದಿತ್ತು.

ಆಸ್ಪತ್ರೆಯ ಮೇಲಿನ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದೊಂದು ನಮ್ಮ ಪಾಲಿಗೆ ಬಂತು. ಅದನ್ನು ಜೋಡಿಸಿಕೊಟ್ಟವನು ರಿಪೇರಿಯವನು. ಬೋಳುತಲೆ, ತುಟಿಯ ನಡುವೆ ಯಾವಾಗಲೂ ಒಂದೆರಡು ಸ್ಕ್ರೂ. ಅದಕ್ಕೇ ಅವನಿಗೆ ಸ್ಕ್ರೂ ಅಂತಲೇ ಹೆಸರು. ಅವನು ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲೋ 'ಅಳತೆ' ಅಂತ ಒಂದು ಫೋಲ್ಡರ್ ಮಾಡಿ, ತೆರೆಯಲು ಸುಲಭವಾಗಲಿ ಅಂತ ಪರದೆಯ ಮೇಲೆ ಅದೇ ಹೆಸರಿನ ಹಳದಿ ಚಿತ್ರವೊಂದನ್ನು ಇಟ್ಟುಕೊಟ್ಟ. ಅಕ್ಕ ಎರಡು ವರ್ಷ ಊಟದ ಬಿಡುವಿನಲ್ಲಿ ಕೂತು, ಏಳು ದಪ್ಪ ರಿಜಿಸ್ಟರುಗಳನ್ನು ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅದರೊಳಗೆ ಇಳಿಸಿದಳು. ಆ ಬೆರಳಿನ ತುದಿ ನನ್ನ ಹೆಬ್ಬೆರಳಿನ ಹಾಗೆ ಗಟ್ಟಿಯಾಯಿತು.

"ಅಕ್ಕ, ಯಂತ್ರ ನಂಬಬೇಡಿ. ನಕಲು ತೆಗೆದು ಮೂರು ಕಡೆ ಇಡಿ" ಅಂತ ಸ್ಕ್ರೂ ಹೇಳಿದ. ಒಳ್ಳೆಯ ಮಾತನ್ನೇ ಹೇಳಿದ. ಅವಳು ಮೂರು ಪೆನ್ ಡ್ರೈವ್ ತಂದಳು. ಕೆಂಪು ಅವಳ ಮೇಜಿನ ಡ್ರಾಯರಿನಲ್ಲಿ, ನೀಲಿ ಅವಳ ಮನೆಯ ಸಕ್ಕರೆ ಡಬ್ಬಿಯ ಹಿಂದೆ, ಕಪ್ಪು ನನ್ನ ಉಳಿಪೆಟ್ಟಿಗೆಯಲ್ಲಿ. ದಿನವೂ ಸಂಜೆ ಐದಕ್ಕೆ ಕೈ ತೊಳೆದು ಒರೆಸಿಕೊಂಡು, ಪರದೆಯ ಮೇಲಿನ ಹಳದಿ ಚಿತ್ರವನ್ನು ಎಳೆದು ಪೆನ್ ಡ್ರೈವಿಗೆ ಹಾಕುವಳು. 'ಇದು ಆಗಲೇ ಇದೆ, ಬದಲಿಸಬೇಕೇ' ಎಂದು ಕಂಪ್ಯೂಟರ್ ಕೇಳುವುದು. ಹೌದು ಎಂದು ಒತ್ತುವಳು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು.

"ಮುನ್ನೂರು ಜನರ ಕಾಲು, ಹತ್ತಾರು ವರ್ಷದ್ದು, ಇಷ್ಟು ಬೇಗ ಹೋಯ್ತಾ?" ಅಂತ ನಾನೇ ಒಮ್ಮೆ ಕೇಳಿದ್ದೆ.

"ನಿಮ್ಮ ಥರ ಅಂದ್ಕೊಂಡ್ರಾ ಅಣ್ಣಾ, ಒಂದು ಜೊತೆಗೆ ಒಂಬತ್ತು ದಿನ ತಗೊಳ್ಳೋಕೆ? ಇದು ಚುರುಕು" ಅಂದಳು.

ಬೇಜವಾಬ್ದಾರಿಯವಳಲ್ಲ. ಶನಿವಾರ ಶನಿವಾರ ಮೂರನ್ನೂ ತರಿಸಿ, ಒಂದೊಂದನ್ನೇ ಸಿಕ್ಕಿಸಿ, ಅದರಿಂದಲೇ ತೆರೆದು ನೋಡುತ್ತಿದ್ದಳು. ತೆರೆಯುತ್ತಿತ್ತು. ಎಲ್ಲರ ಹಾಳೆಯೂ ಇರುತ್ತಿತ್ತು. "ಮೂರು ಕಡೆ ಇದೆ" ಎಂಬುದು ಅವಳ ಬಾಯಲ್ಲಿ ನಿಟ್ಟುಸಿರಿನಷ್ಟು ಸಲೀಸಾಯಿತು. ರಿಜಿಸ್ಟರುಗಳಿಗೆ ಗೆದ್ದಲು ಹತ್ತಿ, ಮೇಲ್ವಿಚಾರಕರು ಅವನ್ನು ರದ್ದಿಗೆ ಹಾಕಿಬಿಡೋಣವೇ, ಎಲ್ಲ ಕಂಪ್ಯೂಟರಿನಲ್ಲಿ ಇದೆ ತಾನೆ ಎಂದು ಕೇಳಿದಾಗಲೂ ಅವಳು ತಲೆ ಎತ್ತಿ ಹೇಳಿದ್ದು ಅದನ್ನೇ: "ಕಂಪ್ಯೂಟರಿನಲ್ಲಿ ಅಷ್ಟೇ ಅಲ್ಲ ಸಾರ್, ಮೂರು ಕಡೆ ಇದೆ." ಏಳು ರಿಜಿಸ್ಟರುಗಳು ಗೋಣಿಚೀಲದಲ್ಲಿ ಹೋದವು.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ, ಕಂಪ್ಯೂಟರಿನ ಒಳಗಿನಿಂದ ಮರ ಕೊರೆಯುವ ಹುಳುವಿನ ಹಾಗೆ ಟಿಕ್ ಟಿಕ್ ಸದ್ದು ಬಂದು ಪರದೆ ಕಪ್ಪಾಯಿತು. ಸ್ಕ್ರೂ ಬಂದು ಬಿಚ್ಚಿ ನೋಡಿ, ಡಿಸ್ಕ್ ಕೆಟ್ಟಿದೆ, ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಇದರಿಂದ ಏನೂ ಎತ್ತಲಾಗದು ಎಂದ. ಅಕ್ಕ ನಕ್ಕಳು. "ಹೋದರೆ ಹೋಗಲಿ ಬಿಡಪ್ಪ. ಬೇರೆ ಡಬ್ಬ ತಂದಿಡು. ನನ್ನ ಹತ್ತಿರ ಮೂರು ಕಡೆ ಇದೆ."

ಎರಡು ದಿನಕ್ಕೆ ಬೇರೆ ಕಂಪ್ಯೂಟರ್ ಬಂತು. ನಾನು ಆ ಹೊತ್ತಿಗೆ ತೊಗಲು ತರಲು ಪೇಟೆಗೆ ಹೋಗಿದ್ದೆ. ಇಲ್ಲಿಂದ ಮುಂದಿನದನ್ನು ಅವಳೇ ನನಗೆ ಆಮೇಲೆ ಹೇಳಿದ್ದು.

ಕೆಂಪನ್ನು ಸಿಕ್ಕಿಸಿದಳು. ಹಳದಿ ಚಿತ್ರ ಕಂಡಿತು, ಮೇಲೆ 'ಅಳತೆ' ಅಂತ ಹೆಸರೂ ಇತ್ತು. ಒತ್ತಿದರೆ ತೆರೆಯಲಿಲ್ಲ. ಅದು ಇದ್ದ ಜಾಗ ಸಿಗುತ್ತಿಲ್ಲ ಅಂತ ಏನೋ ಬಂತು. ನನ್ನ ಪೆಟ್ಟಿಗೆಯಿಂದ ಕಪ್ಪನ್ನು ತೆಗೆದಳು. ಅದೂ ಅಷ್ಟೆ. ಮನೆಗೆ ಓಡಿ ನೀಲಿಯನ್ನು ತಂದಳು. ಅದೂ ತೆರೆಯಲಿಲ್ಲ.

ಸ್ಕ್ರೂ ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಗ್ಗಿದ. ಬಾಯಿಂದ ಸ್ಕ್ರೂಗಳನ್ನು ತೆಗೆದು ಮೇಜಿನ ಮೇಲಿಟ್ಟ. ಅವನು ಹಾಗೆ ಮಾಡಿದ್ದನ್ನು ಅವಳು ಅದುವರೆಗೂ ನೋಡಿರಲಿಲ್ಲ.

"ಅಕ್ಕ, ಈ ಚಿತ್ರದ ಮೂಲೇಲಿ ಚಿಕ್ಕ ಬಾಣ ಇದೆ, ನೋಡಿದೀರಾ?"

"ಮೊದಲಿಂದಲೂ ಇದೆ. ಅಂದಕ್ಕೆ ಅಂತ ಅಂದ್ಕೊಂಡಿದ್ದೆ."

"ಅಂದಕ್ಕಲ್ಲ. ಇದು ಫೋಲ್ಡರ್ ಅಲ್ಲ ಅಕ್ಕ. ಫೋಲ್ಡರ್ ಆ ಕಂಪ್ಯೂಟರಿನಲ್ಲಿ ಎಲ್ಲಿದೆ ಅಂತ ತೋರಿಸೋ ಬಾಣ. ನೀವು ಇಷ್ಟು ದಿನ ನಕಲು ಮಾಡಿದ್ದು ಬಾಣಾನ."

"ಮತ್ತೆ ಶನಿವಾರ ತೆರೀತಿತ್ತಲ್ಲೋ!"

"ಆ ಕಂಪ್ಯೂಟರಿನಲ್ಲೇ ಸಿಕ್ಕಿಸಿದ್ರೆ ತೆರೆಯದೆ ಇರುತ್ತಾ? ಬಾಣ ಪಕ್ಕದ ಮನೆ ತೋರಿಸ್ತಿತ್ತು, ಮನೆ ಅಲ್ಲೇ ಇತ್ತು. ಬೇರೆ ಕಡೆ ಒಂದು ಸಲವಾದರೂ ತೆರೆದು ನೋಡಿದ್ರೆ ಗೊತ್ತಾಗ್ತಿತ್ತು."

ಅಕ್ಕ ಮೂರೂ ಪೆನ್ ಡ್ರೈವನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. "ಯಾರಿಗೂ ಹೇಳಬೇಡ, ನಾಲ್ಕು ದಿನ" ಎಂದಳು. ಅವನು ತಲೆಯಾಡಿಸಿ ಹೋದ.

ಅವಳ ಜ್ಞಾಪಕಶಕ್ತಿ ದೊಡ್ಡದು. ನಾವೇ ಹೊಗಳಿ ಹೊಗಳಿ ಅದನ್ನು ಇನ್ನೂ ಉಬ್ಬಿಸಿದ್ದೆವು. ನೆನಪಿನಿಂದ ಒಂದಿಷ್ಟು ತುಂಬಿಸಿ, ಉಳಿದವರು ಬಂದ ಹಾಗೆ ಮತ್ತೆ ಅಳೆದು, ಯಾರಿಗೂ ಗೊತ್ತಾಗದ ಹಾಗೆ ಹೊಲಿದುಬಿಡಬಹುದು ಎಂದುಕೊಂಡಳು. ಇಪ್ಪತ್ತು ವರ್ಷ ತಲೆ ಎತ್ತಿಕೊಂಡು ನಡೆದವಳಿಗೆ ಆ ತಲೆ ತಗ್ಗಿಸುವುದು ಸುಲಭವಲ್ಲ. ಇದು ನನಗೂ ಗೊತ್ತಿರುವ ರೋಗ.

ಆ ವಾರ ಬೂಟು ಶುರುವಾಗಬೇಕಿದ್ದದ್ದು ಟಪಾಲಿನಮ್ಮನಿಗೆ. ಊರಿನ ಅರ್ಧ ಭಾಗಕ್ಕೆ ಕಾಗದ ಹಂಚುವ ಹೆಂಗಸು, ಎರಡೂ ಪಾದ ಮರಗಟ್ಟಿದ್ದರೂ ದಿನಕ್ಕೆ ಹನ್ನೆರಡು ಮೈಲಿ ನಡೆಯುವವಳು. ಅವಳ ಎಡಪಾದದ ಕಿರುಬೆರಳಿನ ಬುಡದಲ್ಲಿ ಮೂಳೆ, ಕಣ್ಣಿಗೆ ಕಾಣದಿದ್ದರೂ ಬೂಟಿಗೆ ತಾಗುವಷ್ಟು, ಹೊರಚಾಚಿದೆ. ಅಲ್ಲಿ ಬೂಟು ಉಬ್ಬಿರಲೇಬೇಕು. ಆ ಉಬ್ಬು ಎಷ್ಟು ಅಂತ ಕಂಡುಕೊಳ್ಳಲು ನಮಗೆ ನಾಲ್ಕು ಜೊತೆ ಬೂಟು, ಅವಳಿಗೆ ಎರಡು ಹುಣ್ಣು ಹಿಡಿದಿತ್ತು.

ಅಕ್ಕ ಹಾಳೆ ತಂದುಕೊಟ್ಟಳು. ಅಚ್ಚು ಕಟ್ಟಲು ಕೂತವನ ಕೈ ತಡೆಯಿತು.

"ಅಕ್ಕ, ಟಪಾಲಿನಮ್ಮಂದು ಉಬ್ಬು ಎಡಕ್ಕಲ್ವಾ? ಇಲ್ಲಿ ಬಲ ಅಂತಿದೆ."

"ಹಾಳೇಲಿ ಹೇಗಿದೆಯೋ ಹಾಗೆ ಕಟ್ಟಿ ಅಣ್ಣಾ" ಎಂದಳು, ನನ್ನ ಮುಖ ನೋಡದೆ.

ನನ್ನ ಕೈಗೆ ಎಡ ಅಂತ ನೆನಪಿತ್ತು. ಆದರೆ ಕಂಪ್ಯೂಟರ್ ಹೇಳಿದ ಮೇಲೆ ನಾನು ಯಾಕೆ ವಾದ ಮಾಡಲಿ ಅಂತ ಸುಮ್ಮನಾದೆ. ಬಲಕ್ಕೆ ಉಬ್ಬು ಕಟ್ಟಿದೆ, ಎಡವನ್ನು ನುಣ್ಣಗೆ ಬಿಟ್ಟೆ. ಬೂಟು ಅಂದವಾಗಿ ಬಂತು. ಮುಚ್ಚುಮರೆ ಮಾಡಿದವಳು ಅವಳಾದರೂ, ಬಾಯಿ ಮುಚ್ಚಿಕೊಂಡವನು ನಾನೇ.

ಎಡವೋ ಬಲವೋ ಎಂಬ ನನ್ನ ಪ್ರಶ್ನೆ ತಲೆಯಲ್ಲಿ ಕೂತಿತ್ತೋ ಏನೋ, ಹೊಸ ಬೂಟು ಹಾಕಿದ ದಿನದಿಂದ ಅಕ್ಕ ಮಧ್ಯಾಹ್ನ ಮೂರಕ್ಕೆ ಅಂಚೆ ಕಚೇರಿಯ ಪಕ್ಕದ ಗೇಟಿನ ಹತ್ತಿರ ಕಾಯತೊಡಗಿದಳು. ಟಪಾಲಿನಮ್ಮ ಖಾಲಿ ಚೀಲ ಜೋಲಾಡಿಸುತ್ತ ಬಂದ ಕೂಡಲೇ ಕಲ್ಲಿನ ಮೆಟ್ಟಿಲ ಮೇಲೆ ಕೂರಿಸಿ ಕಾಲುಚೀಲ ಬಿಚ್ಚಿಸುವಳು.

"ಏನಕ್ಕ ಇದು, ದಿನಾ ಬಂದು ಕಾಲು ನೋಡ್ತೀಯ? ಮದುವೆಯಾದ ಹೊಸದರಲ್ಲಿ ನನ್ನ ಗಂಡನೂ ಇಷ್ಟು ನೋಡಿರಲಿಲ್ಲ."

"ಮಾತು ಸಾಕು. ಎಡಗಾಲು ಕೊಡು."

"ನೀನು ಹೀಗೆ ನೋಡಿದ್ರೆ ನನಗೇ ದಿಗಿಲಾಗುತ್ತೆ ಕಣೆ."

ಮೂರು ದಿನ ಏನೂ ಇರಲಿಲ್ಲ. ನಾಲ್ಕನೆಯ ದಿನ ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಕಡಲೆಯಷ್ಟು ಕೆಂಪು. ಬೆರಳಿನಿಂದ ಒತ್ತಿದಳು. ಕೆಂಪು ಸರಿಯಲಿಲ್ಲ, ಅಲ್ಲೇ ಕೂತಿತ್ತು. ನಡುವೆ ಚರ್ಮ ಒಡೆದು ತೇವ ಜಿನುಗುತ್ತಿತ್ತು.

"ನೋವಾಗ್ತಿದೆಯಾ?"

"ಅಲ್ಲಿ ನನಗೆ ಯಾವತ್ತು ನೋವಾಗಿದೆ?" ಎಂದು ಟಪಾಲಿನಮ್ಮ ನಕ್ಕಳು. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು.

ಆಗ ಅವಳಿಗೆ ಹೊಳೆಯಿತಂತೆ. ಇಪ್ಪತ್ತು ವರ್ಷವೂ ಎದುರಿಗೆ ಕೂತು ನೋಡಿದ ಕಾಲು ಅದು. ಟಪಾಲಿನಮ್ಮನ ಎಡ, ಎದುರಿಗೆ ಕೂತವಳಿಗೆ ಬಲಗಡೆ. ಬರೆಯುವಾಗ ತಿರುಗಿಸಿ ಎಡ ಅಂತ ಬರೆದಿದ್ದಳು. ನೆನಪಿನಲ್ಲಿ ಮಾತ್ರ ಕಣ್ಣಿಗೆ ಕಂಡ ಹಾಗೆ, ಬಲಗಡೆಯೇ ಉಳಿದುಬಿಟ್ಟಿತ್ತು.

ಅಲ್ಲೇ, ಬೀದಿಯಲ್ಲಿ, ಎರಡೂ ಬೂಟು ಬಿಚ್ಚಿ ಕಂಕುಳಿಗೆ ಸೇರಿಸಿದಳು. ತನ್ನ ಶಾಲನ್ನು ಹರಿದು ಆ ಪಾದಕ್ಕೆ ಸುತ್ತಿದಳು. ಸುತ್ತುತ್ತಲೇ ಎಲ್ಲವನ್ನೂ ಹೇಳಿದಳು. ಕೆಂಪು, ನೀಲಿ, ಕಪ್ಪು, ಬಾಣ, ರದ್ದಿಗೆ ಹೋದ ರಿಜಿಸ್ಟರು, ನೆನಪಿನಿಂದ ಬರೆದ ಅಳತೆ.

ಟಪಾಲಿನಮ್ಮ ಹೇಳಿದಳಂತೆ: "ಅಂದ್ರೆ ವಿಳಾಸ ಇದೆ, ಮನೆ ಬಿದ್ದುಹೋಗಿದೆ. ಅಂಥ ಕಾಗದ ನಾನು ದಿನಾ ನಾಲ್ಕು ವಾಪಸ್ ತರ್ತೀನಿ ಅಕ್ಕ. ಆದರೆ ನಾನು ವಾಪಸ್ ತಂದಿದ್ದೀನಿ ಅಂತ ಅವತ್ತೇ ಹೇಳ್ತೀನಿ."

ಬೈದಿದ್ದರೆ ಹಗುರಾಗುತ್ತಿತ್ತು. ಅಷ್ಟು ಮಾತ್ರ ಹೇಳಿ ಅವಳು ಅಕ್ಕನ ಭುಜ ಹಿಡಿದು ಕುಂಟುತ್ತ ಆಸ್ಪತ್ರೆಗೆ ನಡೆದಳು.

ಅವಳನ್ನು ಡಾಕ್ಟರ ಕೈಗೆ ಒಪ್ಪಿಸಿ ಅಕ್ಕ ವರ್ಕ್‌ಶಾಪಿಗೆ ಬಂದಳು. ನನ್ನ ಮೇಜಿನ ಮೇಲೆ ಬೂಟು ಇಟ್ಟು, ಮೇಲ್ವಿಚಾರಕರನ್ನು ಕರೆಸಿ, ನಮ್ಮಿಬ್ಬರ ಎದುರಿಗೂ ನಿಂತು ಇನ್ನೊಮ್ಮೆ ಹೇಳಿದಳು. ಅವರ ಮುಖ ಹುಳ್ಳಗಾಯಿತು. ರದ್ದಿಗೆ ಹಾಕಿಸಿದವರು ಅವರು ತಾನೆ.

"ಸರಿ, ಆದದ್ದಾಯ್ತು. ಎಲ್ಲರನ್ನೂ ಕರೆದು ಹೊಸದಾಗಿ ಅಳೆದರಾಯಿತಲ್ಲ?" ಎಂದರು.

"ಇವತ್ತಿನ ಕಾಲು ಅಳೀಬಹುದು ಸಾರ್. ಆರು ವರ್ಷದ ಹಿಂದಿನ ಗಾಯ ಎಲ್ಲಿಂದ ಅಳೀಲಿ?"

ನಾನು ಆ ಬೂಟುಗಳನ್ನು ತಿರುಗಿಸಿ ನೋಡುತ್ತ ಕೂತೆ. ಎಡಗಡೆಯದ್ದು ಎಷ್ಟು ನುಣುಪಾಗಿತ್ತೆಂದರೆ, ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ತೊಗಲು ಎಳೆದಿರಲಿಲ್ಲ. ಆ ಚೆಂದಕ್ಕೆ ಬೆಂಕಿ ಬೀಳಲಿ ಅನ್ನಿಸಿತು. ಉಳಿಯಿಂದ ಅದನ್ನು ಸೀಳಿಹಾಕಿದೆ.

ಸೀಳಿದ ಮೇಲೆ ಒಳಗಿನ ಅಟ್ಟೆ ಕಂಡಿತು. ನಾಲ್ಕೇ ದಿನದ ನಡಿಗೆಗೆ ಅದರ ಮೇಲೆ ಐದು ಬೆರಳಿನ ನೆರಳು ಮೂಡಿತ್ತು. ನಾನು ಅಕ್ಕನ ಕಡೆ ನೋಡಿದೆ.

"ಹಳೇ ಜೊತೆ ಏನು ಮಾಡಿದ್ಲು?"

"ಮಂಚದ ಕೆಳಗಿದೆ ಅಂದಿದ್ಲು."

"ಹಳೇ ಬೂಟು ಸರಿ ಇತ್ತಲ್ಲ ಅಕ್ಕ. ಸರಿಯಿದ್ದ ಅಳತೆ ಅದರೊಳಗೇ ಇದೆ."

ಹಳೆಯ ಬೂಟು ತರಿಸಿ, ಒಳಗೆ ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ತೊಗಲು ಬಿಡಿಸಿದೆವು. ಎಡಕ್ಕೆ ಉಬ್ಬು, ನಾನು ಹಿಂದೆ ಕಟ್ಟಿದ್ದಂತೆಯೇ. ಆದರೆ ಒಂದು ವರ್ಷದ ತುಳಿತಕ್ಕೆ ತೊಗಲು ಎಷ್ಟು ಜಗ್ಗಿದೆ, ಎಷ್ಟು ನಮ್ಮ ಅಳತೆ, ಎಷ್ಟು ಸವೆತ ಅಂತ ಬೇರ್ಪಡಿಸುವುದು ಊಹೆಯ ಕೆಲಸ. ಆ ಬೂಟು ಕೂಡ ಪೂರಾ ನಕಲಲ್ಲ. ಮೇಲಾಗಿ ಅಳತೆ ತೆಗೆಯಲು ಅದನ್ನು ಕೊಲ್ಲಬೇಕು.

ಹುಣ್ಣು ಮಾಯಲು ಹನ್ನೊಂದು ವಾರ ಹಿಡಿಯಿತು. ಬೆರಳು ಉಳಿಯಿತು. ನಡಿಗೆ ಉಳಿಯಲಿಲ್ಲ. ಅಂಚೆ ಕಚೇರಿಯವರು ಟಪಾಲಿನಮ್ಮನನ್ನು ಬೀದಿಯಿಂದ ತೆಗೆದು ಒಳಗೆ ಕಾಗದ ವಿಂಗಡಿಸುವ ಮೇಜಿಗೆ ಕೂರಿಸಿದರು. ಬಿಸಿಲಲ್ಲಿ ಹನ್ನೆರಡು ಮೈಲಿ ನಡೆದವಳು ಈಗ ಟ್ಯೂಬ್‌ಲೈಟಿನ ಕೆಳಗೆ ಗೂಡುಗಳಿಗೆ ಲಕೋಟೆ ತುರುಕುತ್ತಾಳೆ. "ನೆರಳಲ್ಲಿ ಕೂತು ಬೆಳ್ಳಗಾಗ್ತಿದ್ದೀನಿ" ಅಂತ ಜೋಕು ಮಾಡುತ್ತಾಳೆ. ಜೋಕು ಮುಗಿದ ಮೇಲೆ ಕಿಟಕಿಯ ಕಡೆ ನೋಡುತ್ತಾಳೆ.

ಆದರೂ ಉಳಿದವರನ್ನು ಹುಡುಕಿಕೊಟ್ಟವಳು ಅವಳೇ. ಹೆಸರು, ವಿಳಾಸ ಎಲ್ಲ ಆ ಫೋಲ್ಡರಿನೊಂದಿಗೇ ಹೋಗಿತ್ತು. ಜನರ ಹತ್ತಿರ ಇದ್ದ ಚೀಟಿಯಲ್ಲಿ ಬರೀ ಒಂದು ಸಂಖ್ಯೆ. ಟಪಾಲಿನಮ್ಮ ಪಾದಕ್ಕೆ ಪಟ್ಟಿ ಕಟ್ಟಿಕೊಂಡು ನಮ್ಮ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ತನ್ನ ದಾರಿಯನ್ನು ಮನಸ್ಸಿನಲ್ಲೇ ನಡೆದಳು. "ನೀರಿನ ಟ್ಯಾಂಕಿನ ಎದುರು ಹಸಿರು ಬಾಗಿಲು, ಮುದುಕ, ನಿಮ್ಮ ಬೂಟು. ಅದರ ಮೇಲಿನ ಮಹಡಿ, ಟೈಲರನ ಅತ್ತಿಗೆ, ಅವರದ್ದೂ ನಿಮ್ಮದೇ." ಬಾಗಿಲು ತೆರೆದವರ ಮುಖಕ್ಕಿಂತ ಮೊದಲು ಕಾಲು ನೋಡುವ ಅಭ್ಯಾಸವಂತೆ ಅವಳಿಗೆ. ಅಕ್ಕ ಬರೆದುಕೊಂಡಳು. ಬೆಳಿಗ್ಗೆ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ ಆ ಬಾಗಿಲುಗಳನ್ನು ತಟ್ಟಿದಳು. ಪ್ರತಿ ಬಾಗಿಲಲ್ಲೂ ಮೊದಲು ಹೇಳಿದ್ದು, "ನಿಮ್ಮ ಅಳತೆ ಕಳೆದುಹಾಕಿದ್ದೀನಿ." ಕೆಲವರು ನೀರು ಕೊಟ್ಟು ಕೂರಿಸಿದರು. ಒಬ್ಬ ಮುಖದ ಮೇಲೆ ಬಾಗಿಲು ಹಾಕಿದ. ಮುನ್ನೂರ ಹನ್ನೆರಡರಲ್ಲಿ ಐವತ್ತಾರು ಜನ ಇವತ್ತಿಗೂ ಸಿಕ್ಕಿಲ್ಲ. ಎಲ್ಲೋ ನಡೆಯುತ್ತಿದ್ದಾರೆ, ಸವೆದ ಬೂಟಿನಲ್ಲಿ.

ಈಗ ಅವಳು ಎದುರಿಗೆ ಕೂರುವುದಿಲ್ಲ. ಸ್ಟೂಲನ್ನು ರೋಗಿಯ ಪಕ್ಕಕ್ಕೆ ಎಳೆದುಕೊಂಡು, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಬಗ್ಗುತ್ತಾಳೆ. ಸೊಂಟ ನೋಯುತ್ತದೆ, ಹೇಳುವುದಿಲ್ಲ. ಅಳತೆ ಮೊದಲು ಕಾಗದದ ರಿಜಿಸ್ಟರಿಗೆ, ಆಮೇಲೆ ಕಂಪ್ಯೂಟರಿಗೆ.

ಹೊಸ ರಿಜಿಸ್ಟರಿನ ಮೊದಲ ಪುಟ ಟಪಾಲಿನಮ್ಮನದು. ಎಡ, ಕಿರುಬೆರಳಿನ ಬುಡ, ತಾರೀಕು ಎಲ್ಲ ಬರೆದು, ಕಾರಣದ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. "ಬೂಟು ಬಿಗಿ ಅಂತ ಬರಿ ಅಕ್ಕ. ಕಟ್ಟಿದವನು ನಾನೂ ಇದ್ದೀನಲ್ಲ" ಅಂದೆ. ಅವಳು ನನ್ನ ಮಾತು ಕೇಳಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದಳು: 'ನಾನು'.

ಸಂಜೆ ಐದಕ್ಕೆ ಈಗಲೂ ನಕಲು ತೆಗೆಯುತ್ತಾಳೆ. ಈಗ ಅದು ಚಿಟಿಕೆಯಲ್ಲಿ ಮುಗಿಯುವುದಿಲ್ಲ, ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತದೆ. ತುಂಬುವವರೆಗೂ ರೆಪ್ಪೆ ಹೊಡೆಯದೆ ಕೂರುತ್ತಾಳೆ. ಆಮೇಲೆ ಪೆನ್ ಡ್ರೈವ್ ಮುಷ್ಟಿಯಲ್ಲಿ ಹಿಡಿದು ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋಗಿ, "ಒಂದು ನಿಮಿಷ ನಿಮ್ಮ ಕಂಪ್ಯೂಟರ್ ಕೊಡಪ್ಪ" ಎಂದು ಅಲ್ಲಿ ಸಿಕ್ಕಿಸುತ್ತಾಳೆ. ಮೊದಲು ತೆರೆಯುವುದು ಟಪಾಲಿನಮ್ಮನ ಹಾಳೆ. ತೆರೆಯುತ್ತದೆ. ಕೊನೆಯ ಅಂಕಣದ ತನಕ ಬೆರಳಿಟ್ಟು ಓದಿ, ಆ ಒಂದು ಪದ ಅಲ್ಲಿದೆ ಅಂತ ಖಚಿತವಾದ ಮೇಲೆ, ಮುಚ್ಚಿ ಮನೆಗೆ ಹೋಗುತ್ತಾಳೆ.